ಪ್ಲೇನೋದ ದುಬಾರಿ ಏರಿಯಾಗಳು: ಹಣ ಎಲ್ಲಿಗೆ ಹೋಗುತ್ತದೆ ಅಂತ ಮೊದಲು ನೋಡಿ

ನಾನು ಟೆಕ್ಸಾಸ್‌ನ ಪ್ಲೇನೋ ಸುತ್ತಮುತ್ತ ಮನೆಗಳ ಅಪ್ರೈಸರ್ ಆಗಿ ಕೆಲಸ ಮಾಡುತ್ತೇನೆ. ಬ್ಯಾಂಕು ಸಾಲ ಕೊಡುವ ಮೊದಲು ಮನೆ ನೋಡಿ, ಅಳೆದು, ಮಾರುಕಟ್ಟೆಯಲ್ಲಿ ಅದಕ್ಕೆ ಎಷ್ಟು ಬೆಲೆ ಬರುತ್ತದೆ ಅಂತ ಬರೆದು ಕೊಡುವುದು ನನ್ನ ಕೆಲಸ. ಇದು ಗೊತ್ತಾದ ತಕ್ಷಣ ನಮ್ಮ ಕಡೆಯವರು ಎರಡು ಪ್ರಶ್ನೆ ಕೇಳುತ್ತಾರೆ. ಇಲ್ಲಿ ಎಲ್ಲಕ್ಕಿಂತ ದುಬಾರಿ ಏರಿಯಾ ಯಾವುದು? ಅಲ್ಲಿ ಸ್ಕ್ವೇರ್ ಫೂಟಿಗೆ ಎಷ್ಟು ನಡೀತಿದೆ?

ಮೊದಲನೆಯದಕ್ಕೆ ಉತ್ತರ ಸುಲಭ. ವಿಲ್ಲೋ ಬೆಂಡ್, ಕಿಂಗ್ಸ್ ಗೇಟ್, ಆಮೇಲೆ ಲೇಕ್‌ಸೈಡ್ ಆನ್ ಪ್ರೆಸ್ಟನ್, ಡೀರ್‌ಫೀಲ್ಡ್. ಊರಿನ ಪಶ್ಚಿಮ ಭಾಗದ ಹೆಸರುಗಳೇ ಎಲ್ಲ. ಎರಡನೇ ಪ್ರಶ್ನೆಗೆ ನಾನು ನಂಬರ್ ಹೇಳುವುದಿಲ್ಲ. ಆ ಒಂದು ನಂಬರ್ ಹಿಡಿದುಕೊಂಡು ಏರಿಯಾಗಳನ್ನು ಹೋಲಿಸಿದರೆ ಲೆಕ್ಕ ಅಡ್ಡದಾರಿ ಹಿಡಿಯುತ್ತದೆ.

ಯಾಕೆ ಅಂತ ಒಂದು ಲೆಕ್ಕ ನೋಡಿ. ಸುಮ್ನೆ ಉದಾಹರಣೆಗೆ ಇಟ್ಟುಕೊಂಡ ಅಂಕಿಗಳು ಇವು. ಒಂದೇ ಬೀದಿಯಲ್ಲಿ ಎರಡು ಮನೆ. ಒಂದು 3,000 ಸ್ಕ್ವೇರ್ ಫೂಟ್, 12 ಲಕ್ಷ ಡಾಲರ್. ಇನ್ನೊಂದು 6,000 ಸ್ಕ್ವೇರ್ ಫೂಟ್, 18 ಲಕ್ಷ ಡಾಲರ್. ಮೊದಲನೆಯದು ಫೂಟಿಗೆ 400, ಎರಡನೆಯದು 300. ಹಾಗಂತ ಎರಡನೇ ಮನೆ ಅಗ್ಗ ಅನ್ನೋಕಾಗುತ್ತಾ? ಇಲ್ಲ. ಸೈಟಿನ ಬೆಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಅಡುಗೆಮನೆ ಎರಡರಲ್ಲೂ ಒಂದೇ. ಆ ಖರ್ಚು ದೊಡ್ಡ ಮನೆಯಲ್ಲಿ ಜಾಸ್ತಿ ಅಡಿಗಳ ಮೇಲೆ ಹಂಚಿಹೋಗುತ್ತದೆ, ಅಷ್ಟೇ. ಬೆಂಗಳೂರಿನಲ್ಲಿ ಹಳೇ ಮನೆ ಕೊಳ್ಳುವಾಗ ಸೈಟಿಗೆ ಎಷ್ಟು, ಕಟ್ಟಡಕ್ಕೆ ಎಷ್ಟು ಅಂತ ಬೇರೆ ಬೇರೆ ಲೆಕ್ಕ ಹಾಕುವ ಜನ ನಾವು. ಇಲ್ಲಿಗೆ ಬಂದ ಮೇಲೆ ಅದನ್ನು ಯಾಕೆ ಬಿಡುತ್ತೇವೋ ತಿಳಿಯದು. ದುಬಾರಿ ಏರಿಯಾಗಳಲ್ಲಂತೂ ಅದೇ ಮುಖ್ಯ ಲೆಕ್ಕ.

ನಾನು ಟ್ರೇನಿ ಆಗಿದ್ದಾಗ ನನಗೆ ಕಲಿಸಿದ ಹಿರಿಯರು ಮನೆಯ ಒಳಗೆ ಹೋಗುವ ಮೊದಲು ಏರಿಯಾದ ನಾಲ್ಕೂ ಗಡಿ ಸುತ್ತಿಸುತ್ತಿದ್ದರು. "ಇಲ್ಲಿ ಜನ ಯಾವುದಕ್ಕೆ ದುಡ್ಡು ಕೊಡ್ತಿದ್ದಾರೆ, ಅದನ್ನ ಮೊದಲು ಹೇಳು" ಅನ್ನುತ್ತಿದ್ದರು. ಉತ್ತರ ಸಿಗುವ ತನಕ ಅಳತೆ ಟೇಪು ಹೊರಗೆ ತೆಗೆಯುವ ಹಾಗಿರಲಿಲ್ಲ. ನನ್ನ ಕೆಲಸದಲ್ಲಿ ಕಲಿತದ್ದರಲ್ಲಿ ಅತಿ ಬೆಲೆಯುಳ್ಳದ್ದು ಆ ಪ್ರಶ್ನೆಯೇ. ಈ ಬರಹವೂ ಅದರ ಬಗ್ಗೆಯೇ.

ಸ್ವಲ್ಪ ಊರಿನ ಕಥೆ ಬೇಕು. 1960ರಲ್ಲಿ ಪ್ಲೇನೋದ ಜನಸಂಖ್ಯೆ 3,695. ಸುತ್ತಲೂ ಹತ್ತಿ ಬೆಳೆಯುವ ಹೊಲ. 1980ಕ್ಕೆ 72,000 ದಾಟಿತು. 2020ರ ಜನಗಣತಿಯಲ್ಲಿ 2.85 ಲಕ್ಷ. ಹಳೇ ಊರು ಪೂರ್ವದಲ್ಲಿ, ರೈಲು ಹಳಿಯ ಪಕ್ಕ. 1980ರ ದಶಕದಲ್ಲಿ ರಾಸ್ ಪೆರೋ ಕಟ್ಟಿದ ಕಂಪ್ಯೂಟರ್ ಸೇವೆಗಳ ಕಂಪನಿ ಇಡಿಎಸ್ ವಾಯವ್ಯದ ಖಾಲಿ ಹೊಲಗಳಲ್ಲಿ ಲೆಗಸಿ ಬಿಸಿನೆಸ್ ಪಾರ್ಕ್ ಕಟ್ಟಿತು. ದೊಡ್ಡ ಅಂಗಡಿಗಳ ಕಂಪನಿ ಜೆ.ಸಿ. ಪೆನ್ನಿ ಬಂತು. 2017ರಲ್ಲಿ ಟೊಯೋಟಾ ತನ್ನ ಉತ್ತರ ಅಮೆರಿಕದ ಮುಖ್ಯ ಕಚೇರಿಯನ್ನು ಕ್ಯಾಲಿಫೋರ್ನಿಯಾದಿಂದ ಇಲ್ಲಿಗೆ ತಂದಿತು. ದೊಡ್ಡ ಸಂಬಳದ ಕೆಲಸಗಳು ಡಲ್ಲಾಸ್ ನಾರ್ತ್ ಟೋಲ್‌ವೇ ಪಕ್ಕ ಸಾಲಾಗಿ ನಿಂತವು. ದುಬಾರಿ ಮನೆಗಳು ಪಶ್ಚಿಮದಲ್ಲಿ ಇರುವುದಕ್ಕೆ ಇದು ದೊಡ್ಡ ಕಾರಣ.

ಈಗ ವಿಲ್ಲೋ ಬೆಂಡ್ ನೋಡೋಣ. ಗ್ಲೆನೀಗಲ್ಸ್ ಕಂಟ್ರಿ ಕ್ಲಬ್ಬಿನ ಸುತ್ತಮುತ್ತ 1980ರ ದಶಕದಿಂದ ಬೆಳೆದ ಜಾಗ. ಮನೆ ಮನೆಗೂ ಬೇರೆ ವಿನ್ಯಾಸ. ಸೈಟುಗಳು ಅಗಲ, ಇಪ್ಪತ್ತು ಗುಂಟೆ ದಾಟುವ ಸೈಟುಗಳೂ ಇವೆ. ಮರಗಳು ದೊಡ್ಡವಾಗಿವೆ. ಇಲ್ಲಿ ಹಣ ಹೋಗುವುದು ನೆಲಕ್ಕೆ. ಪ್ಲೇನೋದಲ್ಲಿ ಹೊಸ ಲೇಔಟ್ ಮಾಡಲು ಖಾಲಿ ಜಾಗ ಹೆಚ್ಚು ಉಳಿದಿಲ್ಲ. ಹಾಗಾಗಿ ಇಂಥ ಸೈಟು ಮತ್ತೆ ಹುಟ್ಟುವುದಿಲ್ಲ. ಹಳೇ ಮನೆ ಕೊಂಡು ಒಳಗೆಲ್ಲ ಬದಲಿಸುವವರಿದ್ದಾರೆ, ಕೆಡವಿ ಕಟ್ಟುವವರೂ ಇದ್ದಾರೆ. ಬೆಲೆ ಕಟ್ಟಲು ಹತ್ತಿರದಲ್ಲಿ ಮಾರಾಟವಾದ ಅದೇ ಥರದ ಮನೆಗಳ ಜೊತೆ ಹೋಲಿಸಬೇಕು. ಅದಕ್ಕೇ ಇಲ್ಲಿ ಹೋಲಿಕೆಗೆ ಮನೆ ಹುಡುಕುವುದು ಕಷ್ಟ. ಒಂದೇ ಬೀದಿಯಲ್ಲಿ ಹೊಸದಾಗಿ ಮಾಡಿಸಿದ್ದೊಂದು, 1988ರ ಅಡುಗೆಮನೆ ಹಾಗೇ ಇರುವುದೊಂದು ಸಿಗಬಹುದು. ಎರಡರ ಸರಾಸರಿ ತೆಗೆದರೆ ಅದು ಯಾವ ಮನೆಯ ಬೆಲೆಯೂ ಅಲ್ಲ.

ಕಿಂಗ್ಸ್ ಗೇಟ್ ಬೇರೆ ತರಹ. ಇದು ಗೇಟ್ ಇರುವ ಬಡಾವಣೆ. ಇಪ್ಪತ್ತು ಲಕ್ಷ ಡಾಲರ್ ದಾಟುವುದು ಇಲ್ಲಿ ಮಾಮೂಲಿ. ಇಲ್ಲಿ ಹಣ ಹೋಗುವುದು ಏಕಾಂತಕ್ಕೆ, ಜೊತೆಗೆ ಕಟ್ಟಡದ ಗಾತ್ರ ಮತ್ತು ಕೆಲಸಗಾರಿಕೆಗೆ. ಗೇಟ್ ಇರುವ ಯಾವುದೇ ಏರಿಯಾದಲ್ಲಿ ನಾನು ಮೊದಲು ಕೇಳುವುದು ರಸ್ತೆಯ ಬಗ್ಗೆ. ಗೇಟ್ ಹಾಕಿದರೆ ಒಳಗಿನ ರಸ್ತೆ ಸಾಮಾನ್ಯವಾಗಿ ನಗರಸಭೆಯದ್ದಲ್ಲ, ನಿವಾಸಿಗಳ ಸಂಘವಾದ ಎಚ್‌ಒಎಯದ್ದು. ಕಾಂಕ್ರೀಟ್ ಬಿರುಕು ಬಿಟ್ಟರೆ, ಚರಂಡಿ ಕುಸಿದರೆ, ದುರಸ್ತಿ ನಿವಾಸಿಗಳ ಹಣದಲ್ಲೇ ಆಗಬೇಕು. ಎಚ್‌ಒಎ ಹತ್ತಿರ ಮೀಸಲು ನಿಧಿ ಎಷ್ಟಿದೆ ಅಂತ ಕೊಳ್ಳುವವರು ಕೇಳಲೇಬೇಕು. ತಿಂಗಳ ಕಂತು ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನಿಧಿಯ ಬಗ್ಗೆ ಕೇಳುವವರು ಕಡಿಮೆ.

ಲೇಕ್‌ಸೈಡ್ ಆನ್ ಪ್ರೆಸ್ಟನ್‌ನಲ್ಲಿ ಕೊಳಗಳಿವೆ, ನಡೆಯುವ ದಾರಿಗಳಿವೆ. ಕೊಳಕ್ಕೆ ಬೆನ್ನು ಮಾಡಿರುವ ಸೈಟಿಗೂ ಒಳಗಿನ ಬೀದಿಯ ಸೈಟಿಗೂ ವ್ಯತ್ಯಾಸ ಇದೆ. ನೀರಿನ ಪಕ್ಕದ ಮನೆಗೆ ನೀರಿನ ಪಕ್ಕದ ಮನೆಯನ್ನೇ ಹೋಲಿಕೆಗೆ ಹುಡುಕಬೇಕು. ಡೀರ್‌ಫೀಲ್ಡ್ ಕ್ರಿಸ್ಮಸ್ ದೀಪಗಳಿಗೆ ಹೆಸರಾದ ಜಾಗ. ಡಿಸೆಂಬರ್‌ನಲ್ಲಿ ದೂರದೂರದಿಂದ ಜನ ನೋಡಲು ಬರುತ್ತಾರೆ, ಕುದುರೆ ಗಾಡಿಗಳೂ ಓಡಾಡುತ್ತವೆ. ಸಂಜೆ ಹೊತ್ತು ಮನೆ ತಲುಪುವುದು ನಿಧಾನ. ಇದು ಕೆಲವರಿಗೆ ಖುಷಿ, ಕೆಲವರಿಗೆ ತೊಂದರೆ. ಗೊತ್ತಿದ್ದು ಕೊಳ್ಳಬೇಕು, ಅಲ್ವಾ?

ಪ್ಲೇನೋದ ಹಳೇ ಲೇಔಟ್‌ಗಳಲ್ಲಿ ಇನ್ನೊಂದು ವಿಶೇಷ ಇದೆ. ಮನೆ ಹಿಂದೆ ಸಣ್ಣ ಗಲ್ಲಿ, ಗ್ಯಾರೇಜ್ ಬಾಗಿಲು ಆ ಕಡೆಗೆ. ಮುಂಭಾಗ ಚೆನ್ನಾಗಿ ಕಾಣುತ್ತದೆ. ಆದರೆ ಹಿತ್ತಲಿನ ಒಂದು ಭಾಗವನ್ನು ಡ್ರೈವ್‌ವೇ ತಿಂದುಬಿಡುತ್ತದೆ. ಕಾಗದದಲ್ಲಿ ಸೈಟಿನ ಅಳತೆ ಒಂದೇ ಇದ್ದರೂ ಮಕ್ಕಳು ಆಡಲು, ಈಜುಕೊಳ ಮಾಡಲು ಸಿಗುವ ಜಾಗ ಬೇರೆ. ಈಜುಕೊಳದ ವಿಷಯಕ್ಕೂ ಒಂದು ಮಾತು. ಕಟ್ಟಿಸಲು ಖರ್ಚಾದಷ್ಟು ಹಣ ಮಾರುವಾಗ ಪೂರ್ತಿ ವಾಪಸ್ ಬರುವುದು ಅಪರೂಪ.

ಶಾಲೆಯ ಗಡಿ ಬಗ್ಗೆ ನಮ್ಮವರು ಹುಷಾರಾಗಿರುತ್ತಾರೆ. ಆದರೂ ಒಂದು ವಿಷಯ ಹೇಳಬೇಕು. ವಿಳಾಸದಲ್ಲಿ ಪ್ಲೇನೋ ಅಂತ ಇದ್ದ ಮಾತ್ರಕ್ಕೆ ಶಾಲೆ ಪ್ಲೇನೋ ಐಎಸ್‌ಡಿಯದ್ದೇ (ಐಎಸ್‌ಡಿ ಅಂದರೆ ಶಾಲಾ ಜಿಲ್ಲೆ) ಆಗಿರಬೇಕಿಲ್ಲ. ನಗರದ ಉತ್ತರದ ಕೆಲವು ಭಾಗ ಫ್ರಿಸ್ಕೋ ಐಎಸ್‌ಡಿಗೆ, ಪಶ್ಚಿಮದ ಕೆಲವು ಭಾಗ ಲೂಯಿಸ್‌ವಿಲ್ ಐಎಸ್‌ಡಿಗೆ ಸೇರುತ್ತದೆ. ಗಡಿಗಳು ಶಾಶ್ವತವೂ ಅಲ್ಲ. ಮಕ್ಕಳ ಸಂಖ್ಯೆ ಇಳಿದಿದ್ದರಿಂದ ಪ್ಲೇನೋ ಐಎಸ್‌ಡಿ ನಾಲ್ಕು ಶಾಲೆ ಮುಚ್ಚಲು 2024ರಲ್ಲಿ ತೀರ್ಮಾನ ಮಾಡಿತು. ಶಾಲೆಗೋಸ್ಕರ ಜಾಸ್ತಿ ಹಣ ಕೊಡುತ್ತಿದ್ದರೆ, ಆ ನಿರ್ದಿಷ್ಟ ಮನೆ ನಂಬರ್ ಹಾಕಿ ಶಾಲಾ ಜಿಲ್ಲೆಯ ವೆಬ್‌ಸೈಟಿನಲ್ಲೇ ನೋಡಿ. ಮಾರಾಟದ ಜಾಹೀರಾತನ್ನು ನಂಬಿ ಕೂರಬೇಡಿ.

ನನಗೆ ಅತಿ ಮುಖ್ಯ ಅನಿಸುವುದು ಕಾಲ ಕೆಳಗಿನ ಮಣ್ಣು. ಪ್ಲೇನೋ ಇರುವುದು ಬ್ಲಾಕ್‌ಲ್ಯಾಂಡ್ ಪ್ರೇರಿ ಎಂಬ ಕಪ್ಪು ಮಣ್ಣಿನ ಪಟ್ಟಿಯಲ್ಲಿ. ಧಾರವಾಡ, ಗದಗ ಕಡೆಯವರಿಗೆ ಇದನ್ನು ವಿವರಿಸುವುದೇ ಬೇಡ. ಅದು ನಮ್ಮ ಎರೆ ಮಣ್ಣಿನ ಜಾತಿಯೇ. ಹತ್ತಿ ಇಲ್ಲಿ ಚೆನ್ನಾಗಿ ಬೆಳೆದದ್ದೂ ಅದಕ್ಕೇ. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಇಂಥ ನೆಲದ ಮೇಲೆ ಇಲ್ಲಿನ ಮನೆಗಳು ಕಾಂಕ್ರೀಟ್ ಸ್ಲ್ಯಾಬಿನ ಮೇಲೆ ಕೂತಿವೆ. ನೆಲಮಾಳಿಗೆ ಇರುವ ಮನೆ ಸಿಗುವುದೇ ಅಪರೂಪ. ಸ್ಲ್ಯಾಬ್ ಒಂದು ಕಡೆ ಕುಸಿದರೆ ಬಾಗಿಲು ಚೌಕಟ್ಟಿನ ಮೂಲೆಯಲ್ಲಿ ಓರೆ ಬಿರುಕು, ಇಟ್ಟಿಗೆ ಗೋಡೆಯಲ್ಲಿ ಮೆಟ್ಟಿಲಿನ ಹಾಗೆ ಬಿರುಕು, ಮುಚ್ಚದ ಬಾಗಿಲು. ಆಗ ಅಡಿಯಲ್ಲಿ ಪಿಯರ್, ಅಂದರೆ ಆಧಾರದ ಕಂಬ, ಇಳಿಸಿ ಎತ್ತಬೇಕಾಗುತ್ತದೆ. ಬೇಸಿಗೆಯಲ್ಲಿ ಗೋಡೆಯ ಸುತ್ತ ಸೋಕರ್ ಹೋಸ್ (ನೀರು ಜಿನುಗುವ ಪೈಪು) ಹಾಕಿ ಮಣ್ಣಿಗೆ ನೀರು ಕೊಡುವುದು ಇಲ್ಲಿ ಮನೆಗೆಲಸದ ಒಂದು ಭಾಗ.

ಇದು ಹತ್ತು ಲಕ್ಷದ ಮನೆಗೂ ಒಂದೇ, ಮೂವತ್ತು ಲಕ್ಷದ ಮನೆಗೂ ಒಂದೇ. ದುಬಾರಿ ಏರಿಯಾದ ದೊಡ್ಡ ಮರಗಳು ಬೆಲೆ ಏರಿಸುತ್ತವೆ. ಅವೇ ಮರಗಳು ಸ್ಲ್ಯಾಬಿನ ಹತ್ತಿರ ಇದ್ದರೆ ಮಣ್ಣಿನ ನೀರು ಹೀರಿ ಫೌಂಡೇಶನ್ನಿಗೆ ತೊಂದರೆ ಕೊಡುತ್ತವೆ. ಪಿಯರ್ ಹಾಕಿಸಿದ ಮನೆ ಅಂದರೆ ಹೆದರಬೇಕಿಲ್ಲ. ಇಂಜಿನಿಯರ್ ವರದಿ ಇದೆಯಾ, ಹೊಸ ಮಾಲೀಕರಿಗೆ ವಾರಂಟಿ ವರ್ಗವಾಗುತ್ತದಾ ಅಂತ ಕೇಳಿ. ಅಪ್ರೈಸಲ್ ಅಂದರೆ ಇನ್ಸ್‌ಪೆಕ್ಷನ್ ಅಲ್ಲ ಎನ್ನುವುದೂ ನೆನಪಿರಲಿ. ನನ್ನ ವರದಿ ಬ್ಯಾಂಕಿಗೆ. ನಿಮಗಾಗಿ ಅಟ್ಟ ಹತ್ತಿ ನೋಡುವವರನ್ನು ನೀವೇ ಗೊತ್ತುಮಾಡಿಕೊಳ್ಳಬೇಕು.

ಆಲಿಕಲ್ಲಿನ ವಿಷಯವೂ ಹಾಗೇ. ಇಲ್ಲಿನ ವಿಮೆಯಲ್ಲಿ ಗಾಳಿ ಮತ್ತು ಆಲಿಕಲ್ಲಿನ ಡಿಡಕ್ಟಿಬಲ್ ಸಾಮಾನ್ಯವಾಗಿ ಶೇಕಡಾವಾರು. ಕಟ್ಟಡದ ವಿಮೆ 15 ಲಕ್ಷ ಡಾಲರ್ ಇದ್ದು ಡಿಡಕ್ಟಿಬಲ್ ಶೇ 2 ಇದ್ದರೆ, ಮೊದಲ 30,000 ಡಾಲರ್ ನಿಮ್ಮ ಕೈಯಿಂದ ಹೋಗುತ್ತದೆ. ಛಾವಣಿಯ ವಯಸ್ಸು ಕೇಳದೆ ಎರಡು ಮನೆಗಳನ್ನು ಹೋಲಿಸಬೇಡಿ.

ತೆರಿಗೆಗೆ ಬರೋಣ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆಸ್ತಿ ತೆರಿಗೆ ಜಾಸ್ತಿ. ಪ್ಲೇನೋದಲ್ಲಿ ನಗರ, ಕೌಂಟಿ, ಶಾಲೆ, ಕಾಲೇಜು ಎಲ್ಲ ಸೇರಿ 100 ಡಾಲರಿಗೆ 1.7ರ ಆಸುಪಾಸು. ವಿನಾಯಿತಿಗಳನ್ನು ಬಿಟ್ಟು ನೋಡಿದರೆ 15 ಲಕ್ಷದ ಮನೆಗೆ ವರ್ಷಕ್ಕೆ 25,000 ಡಾಲರ್ ಹತ್ತಿರ. ಜನ ಇಲ್ಲಿ ಒಂದು ಕಡೆ ಎಡವುತ್ತಾರೆ. ಮಾರುವವರ ತೆರಿಗೆ ಬಿಲ್ ನೋಡಿ ತಮಗೂ ಅಷ್ಟೇ ಬರುತ್ತದೆ ಅಂದುಕೊಳ್ಳುತ್ತಾರೆ. ಸ್ವಂತ ವಾಸದ ಮನೆಯ ತೆರಿಗೆಗೆ ಲೆಕ್ಕ ಹಿಡಿಯುವ ಮೌಲ್ಯ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರುವಂತಿಲ್ಲ. ಬಹಳ ವರ್ಷದಿಂದ ಇದ್ದವರ ಬಿಲ್ ಆ ಮಿತಿಯಿಂದ ಕಡಿಮೆ ಇರಬಹುದು. ಮನೆ ಕೈ ಬದಲಾದರೆ ಮಿತಿ ಹೋಗುತ್ತದೆ, ಮುಂದಿನ ವರ್ಷದಿಂದ ಲೆಕ್ಕ ಮಾರುಕಟ್ಟೆ ಬೆಲೆಗೆ ಬರುತ್ತದೆ. ಹೊಸ ಊರುಗಳಾದ ಪ್ರಾಸ್ಪರ್, ಸೆಲೈನಾ ಜೊತೆ ಹೋಲಿಸುವಾಗ ಅಲ್ಲಿನ ಕೆಲವು ಲೇಔಟ್‌ಗಳ ಮಡ್ ಮತ್ತು ಪಿಐಡಿ ಶುಲ್ಕವನ್ನೂ (ಲೇಔಟಿನ ನೀರು, ಚರಂಡಿ, ರಸ್ತೆಯಂಥ ಸೌಲಭ್ಯಗಳಿಗೆ ಬೀಳುವ ಹೆಚ್ಚುವರಿ ತೆರಿಗೆ, ಶುಲ್ಕ) ಸೇರಿಸಿಕೊಳ್ಳಿ.

ನಮ್ಮವರು ಕೇಳುವ ಇನ್ನೆರಡು ಪ್ರಶ್ನೆಗಳಿವೆ. ಪೂರ್ವ ಬಾಗಿಲಿನ ಮನೆಗೆ ಜಾಸ್ತಿ ಬೆಲೆ ಹಾಕುತ್ತೀರಾ? ವರದಿಯ ಫಾರಂನಲ್ಲಿ ವಾಸ್ತುವಿಗೆ ಜಾಗ ಇಲ್ಲ. ಬೇರೆಲ್ಲ ಒಂದೇ ಇದ್ದು ಬಾಗಿಲಿನ ದಿಕ್ಕಿಗೇ ಜನ ಹೆಚ್ಚು ಕೊಟ್ಟಿದ್ದಾರೆ ಅಂತ ಮಾರಾಟಗಳು ತೋರಿಸಿದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಮನಸ್ಸಿಗೆ ಅದರ ಬೆಲೆ ಎಷ್ಟು ಅನ್ನುವುದು ನಿಮಗೆ ಬಿಟ್ಟದ್ದು.

ಎರಡನೆಯದು, ನಮ್ಮವರು ಜಾಸ್ತಿ ಇರುವ ಏರಿಯಾ ಯಾವುದು? ಇದಕ್ಕೆ ನಾನು ಉತ್ತರ ಕೊಡುವುದಿಲ್ಲ, ಏಜೆಂಟರೂ ಕೊಡಬಾರದು. 1968ರ ಫೇರ್ ಹೌಸಿಂಗ್ ಕಾಯ್ದೆ ಜನಾಂಗ, ಧರ್ಮ, ಮೂಲದೇಶ ನೋಡಿ ಮನೆ ತೋರಿಸುವುದನ್ನು, ಬೆಲೆ ಕಟ್ಟುವುದನ್ನು ತಡೆಯುತ್ತದೆ. ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ. ಯಾರು ವಾಸವಾಗಿದ್ದಾರೆ ಅಂತ ನೋಡಿ ಏರಿಯಾಗಳಿಗೆ ಬೆಲೆ ಕಟ್ಟಿದ ಕಾಲ ಈ ದೇಶದಲ್ಲಿ ಇತ್ತು. ಅದರಿಂದ ಎಷ್ಟೋ ಕುಟುಂಬಗಳು ತಲೆಮಾರುಗಟ್ಟಲೆ ಆಸ್ತಿ ಮಾಡಲಾಗದೆ ಉಳಿದವು. ನನ್ನ ವರದಿಯಲ್ಲಿ "ಒಳ್ಳೆಯ ಏರಿಯಾ" ಅನ್ನುವ ಪದವನ್ನೂ ಬರೆಯುವುದಿಲ್ಲ. ಸೈಟಿನ ಅಳತೆ, ಕಟ್ಟಿದ ವರ್ಷ, ಟೋಲ್‌ವೇಗೆ ಎಷ್ಟು ದೂರ, ಇಷ್ಟೇ ಬರೆಯುತ್ತೇನೆ.

ಕೊನೆಗೆ, ಅಂಕಿಗಳು ಎಲ್ಲಿಂದ ಸಿಗುತ್ತವೆ? ಟೆಕ್ಸಾಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರ್ಕಾರಕ್ಕೆ ತಿಳಿಸುವ ಕಡ್ಡಾಯ ಇಲ್ಲ. ನಿಜವಾದ ಮಾರಾಟ ಬೆಲೆ ಮುಖ್ಯವಾಗಿ ಏಜೆಂಟರು ತಮ್ಮಲ್ಲಿ ಹಂಚಿಕೊಳ್ಳುವ ಪಟ್ಟಿಯಾದ ಎಂಎಲ್‌ಎಸ್‌ನಲ್ಲಿ ಇರುತ್ತದೆ. ವೆಬ್‌ಸೈಟುಗಳು ತೋರಿಸುವ ಅಂದಾಜು ಇಲ್ಲಿ ದುರ್ಬಲವಾಗಲು ಇದೂ ಒಂದು ಕಾರಣ. ವಿಲ್ಲೋ ಬೆಂಡ್‌ನಂಥ ಕಡೆ ಮನೆಗಳು ಒಂದರ ಹಾಗೆ ಇನ್ನೊಂದಿಲ್ಲದ್ದರಿಂದ ಇನ್ನೂ ದುರ್ಬಲ. ಏಜೆಂಟರ ಹತ್ತಿರ ಮುಗಿದ ಮಾರಾಟಗಳ ಪಟ್ಟಿ ಕೇಳಿ, ಕೇಳುವ ಬೆಲೆಗಳದ್ದಲ್ಲ.

ಆ ಪಟ್ಟಿ ಮನೆ ಕೊಂಡ ಮೇಲೂ ಕೆಲಸಕ್ಕೆ ಬರುತ್ತದೆ. ವಸಂತದಲ್ಲಿ ತೆರಿಗೆಗೆ ಮೌಲ್ಯ ಕಟ್ಟುವ ಕಚೇರಿಯಾದ ಕಾಲಿನ್ ಸೆಂಟ್ರಲ್ ಅಪ್ರೈಸಲ್ ಡಿಸ್ಟ್ರಿಕ್ಟ್‌ನಿಂದ ಮೌಲ್ಯದ ನೋಟಿಸ್ ಬರುತ್ತದೆ. ತಕರಾರು ಹಾಕಲು ಸಾಮಾನ್ಯವಾಗಿ ಮೇ 15ರವರೆಗೆ ಅಥವಾ ನೋಟಿಸ್ ಬಂದು 30 ದಿನದವರೆಗೆ ಸಮಯ, ಯಾವುದು ಆಮೇಲೆ ಬರುತ್ತದೋ ಅದು. ಹೋಗುವಾಗ ಜನವರಿ 1ರ ಹತ್ತಿರದ ಮಾರಾಟಗಳು, ಫೌಂಡೇಶನ್ ದುರಸ್ತಿಯ ಅಂದಾಜು ಪಟ್ಟಿ, ಬಿರುಕುಗಳ ಫೋಟೋ ತೆಗೆದುಕೊಂಡು ಹೋಗಿ. ಅಕ್ಕಪಕ್ಕದ ಅದೇ ಥರದ ಮನೆಗಳಿಗೆ ಕಡಿಮೆ ಮೌಲ್ಯ ಹಾಕಿದ್ದಾರೆ ಅಂತ ತೋರಿಸಿದರೂ ಟೆಕ್ಸಾಸ್ ಕಾನೂನಿನಲ್ಲಿ ಅದು ಒಪ್ಪುವ ವಾದ.