ಅಂಟು ಹಚ್ಚುವ ಮೊದಲು ಲೋಹದ ಮೈ

ಯಾಂತ್ರಿಕ ಮೀನುಗಾರಿಕೆ ನಿಂತಿರುವ ಜೂನ್–ಜುಲೈ ತಿಂಗಳುಗಳಲ್ಲಿ ಮಲ್ಪೆಯ ದೋಣಿಗಳ ದುರಸ್ತಿ ನಡೆಯುತ್ತದೆ. ಈ ಬಾರಿ ಅಂಥ ಒಂದು ದೋಣಿಯಿಂದ ಕಳಚಿದ ಅಲ್ಯೂಮಿನಿಯಂ ಬ್ರ್ಯಾಕೆಟ್ ಬೈಕಂಪಾಡಿಯ ನಮ್ಮ ವರ್ಕ್‌ಶಾಪಿಗೆ ಮರಳಿ ಬಂತು. ಹಿಂದಿನ ವರ್ಷ ಎಪಾಕ್ಸಿ ಎಂಬ ಅಂಟು ಹಚ್ಚಿ ಅದನ್ನು ಕೂರಿಸಿದವನು ನಾನೇ. ಅಂಟಿನ ಪದರವೆಲ್ಲ ಒಂದು ಬದಿಯಲ್ಲಿ ಉಳಿದಿತ್ತು, ಇನ್ನೊಂದು ಬದಿಯಲ್ಲಿ ಬರಿಯ ಲೋಹ. ಅಂಟೇ ಸೀಳಿದ್ದರೆ ಎರಡೂ ಬದಿಗಳಲ್ಲಿ ಅದರ ಉಳಿಕೆ ಕಾಣಬೇಕಿತ್ತು. ಹೀಗೆ ಹಾಳೆಯಂತೆ ಬಿಟ್ಟುಕೊಂಡಿತೆಂದರೆ, ತಪ್ಪು ನಾನು ಲೋಹದ ಮೈಯನ್ನು ಸಿದ್ಧಪಡಿಸಿದ ರೀತಿಯಲ್ಲಿತ್ತು.

ಅಂದು ಎಮರಿ ಪೇಪರಿನಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ ಅಂಟಿಸಿದ್ದೆ. ಮರುದಿನ ಎಳೆದು ನೋಡಿದಾಗ ಜೋಡಣೆ ಗಟ್ಟಿಯಾಗಿಯೇ ಇತ್ತು. ನಾವು ಮೋಸ ಹೋಗುವುದು ಇಲ್ಲಿಯೇ. ಹೊಸ, ಒಣ ಜೋಡಣೆಯನ್ನು ಒಮ್ಮೆ ಎಳೆದು ಮುರಿಯುವ ಪರೀಕ್ಷೆಯಲ್ಲಿ ಒಳ್ಳೆಯ ಮೇಲ್ಮೈಗೂ ಸಾಧಾರಣ ಮೇಲ್ಮೈಗೂ ಹೆಚ್ಚು ಅಂತರ ಕಾಣದೇ ಹೋಗಬಹುದು. ಎಂಜಿನ್ನಿನ ನಡುಕದಂಥ ಸಣ್ಣ ಭಾರ ಲಕ್ಷಾಂತರ ಬಾರಿ ಮರುಕಳಿಸಿ, ಅದಕ್ಕೆ ತೇವವೂ ಸೇರಿದಾಗ ಆ ಅಂತರ ಬಯಲಾಗುತ್ತದೆ. ಪ್ರತಿ ನಡುಕಕ್ಕೂ ಬಿರುಕಿನ ತುದಿ ತುಸು ತೆರೆದು ಮುಚ್ಚುತ್ತದೆ, ನೀರು ಅಲ್ಲಿಗೆ ಇಳಿಯುತ್ತದೆ, ನೀರು ತಾಗಿದ ಅಲ್ಯೂಮಿನಿಯಂ ಆಕ್ಸೈಡ್ ಹೈಡ್ರಾಕ್ಸೈಡ್ ಆಗಿ ಬದಲಾಗಿ ಲೋಹದಿಂದ ಸಡಿಲಗೊಳ್ಳುತ್ತದೆ. ವರ್ಷದ ಬಹುಪಾಲು ತೇವವೂ ಉಪ್ಪೂ ತುಂಬಿದ ನಮ್ಮ ಕರಾವಳಿಯ ಗಾಳಿ ಈ ಕೆಲಸಕ್ಕೆ ಬೇಕಾದಷ್ಟು ನೀರನ್ನು ಒದಗಿಸುತ್ತದೆ.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮೇಲ್ಭಾಗ ಹಾರಾಟದ ನಡುವೆಯೇ ಕಿತ್ತುಹೋಗಿ ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡದ್ದರ ಮೂಲದಲ್ಲಿಯೂ ಇಂಥದೇ ಒಂದು ಸರಣಿಯಿತ್ತು: ಹಾಳೆಗಳ ಸೇರುವೆಯಲ್ಲಿ ಅಂಟು ಬಿಟ್ಟಿತು, ಭಾರ ರಿವೆಟ್‌ಗಳ ಮೇಲೆ ಬಿತ್ತು, ಅವುಗಳ ತೂತಿನಂಚುಗಳಿಂದ ದಣಿವಿನ ಬಿರುಕುಗಳು, ಅಂದರೆ ಭಾರ ಮತ್ತೆ ಮತ್ತೆ ಬಿದ್ದು ಹುಟ್ಟುವ ಬಿರುಕುಗಳು, ಹೊರಟವು. ಅಂಟು ಹೀಗೆ ಬಿಡದಂತೆ ವಿಮಾನೋದ್ಯಮದಲ್ಲಿ ಬಳಸುವ ಫಾಸ್ಫಾರಿಕ್ ಆಮ್ಲದ ಆನೊಡೈಸಿಂಗ್ (ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುವ ವಿಧಾನ), ಲೋಹದ ಮೇಲೆ ಸೂಕ್ಷ್ಮ ರಂಧ್ರಗಳುಳ್ಳ, ನೀರಿಗೆ ಸುಲಭವಾಗಿ ಕರಗಿ ಕೆಡದ ಆಕ್ಸೈಡ್ ಪದರವನ್ನು ಬೆಳೆಸುತ್ತದೆ. ಅಂಟು ಆ ರಂಧ್ರಗಳೊಳಗೆ ಇಳಿದು ಗಟ್ಟಿಯಾಗುತ್ತದೆ.

ನಮ್ಮಂಥ ಸಣ್ಣ ವರ್ಕ್‌ಶಾಪಿನಲ್ಲಿ ಆ ಆಮ್ಲದ ತೊಟ್ಟಿಯಿಲ್ಲ. ಆದ್ದರಿಂದ ಈಗ ಮೊದಲು ಜಿಡ್ಡು ತೆಗೆದು, ಅಲ್ಯೂಮಿನಾ ಕಣಗಳನ್ನು ಚಿಮ್ಮಿಸಿ ಮೈಯನ್ನು ಒರಟುಗೊಳಿಸಿ, ಶುದ್ಧ ನೀರು ಹರಿಸಿ ನೋಡುತ್ತೇನೆ: ನೀರು ಹನಿಗಟ್ಟದೆ ಒಂದೇ ಪೊರೆಯಾಗಿ ಹರಡಿದರೆ ಜಿಡ್ಡು ಹೋಗಿದೆ ಎಂದರ್ಥ; ಆಗ ಮಾತ್ರ ಒಣಗಿಸಿ, ಲೋಹವನ್ನೂ ಅಂಟನ್ನೂ ಬೆಸೆಯುವ ಸಿಲೇನ್ ಎಂಬ ರಾಸಾಯನಿಕ ಲೇಪಿಸಿ, ತಡಮಾಡದೆ ಅಂಟಿಸುತ್ತೇನೆ. ಕಂಪ್ರೆಸರಿನ ಗಾಳಿಯಲ್ಲಿ ಎಣ್ಣೆಯ ಹನಿ ಬರುತ್ತದೆಯೇ ಎಂದು ಬಿಳಿ ಬಟ್ಟೆ ಹಿಡಿದು ನೋಡುವುದನ್ನೂ ಬಿಡುವುದಿಲ್ಲ.

ಪರೀಕ್ಷೆಗೆಂದು, ಎರಡು ಪಟ್ಟಿಗಳನ್ನು ಅಂಟಿಸಿ ನಡುವೆ ಬೆಣೆ ಹೊಡೆದು, ಬಿರುಕಿನ ತುದಿಗೆ ಗೆರೆ ಗೀಚಿದ ಜೋಡಿಗಳನ್ನು ಆಟಿ ತಿಂಗಳ ಮಳೆಯಲ್ಲಿ ಜಗಲಿಯಂಚಿಗೆ ಇಟ್ಟಿದ್ದೇನೆ. ಬರಿಯ ಎಮರಿಯ ಜೋಡಿಯಲ್ಲಿ ಬಿರುಕು ಮೂರನೆಯ ದಿನವೇ ಮುಂದೆ ಸರಿದಿತ್ತು. ಸಿಲೇನ್ ಹಚ್ಚಿದ್ದರಲ್ಲಿ ಅದು ಆ ಗೆರೆಯ ಬಳಿಯೇ ನಿಂತಿದೆ.