ಕಮ್ಯುನಿಟಿ ಕಾಲೇಜು ಅಗ್ಗವಂತೆ, ಹೌದಾ?

ಪಿಯುಸಿ ರಿಸಲ್ಟ್ ಬಂತೆಂದರೆ ಸಾಕು, ಊರಿಂದ ಫೋನ್ ಶುರುವಾಗುತ್ತದೆ. "ಕ್ಯಾಲಿಫೋರ್ನಿಯಾದಲ್ಲಿ ಕಮ್ಯುನಿಟಿ ಕಾಲೇಜು ಅಂತ ಇದೆಯಂತಲ್ಲ. ಎರಡು ವರ್ಷ ಅಲ್ಲಿ ಓದಿ ಆಮೇಲೆ ದೊಡ್ಡ ಯೂನಿವರ್ಸಿಟಿಗೆ ಹೋಗಬಹುದಂತೆ. ಫೀಸೂ ಕಮ್ಮಿಯಂತೆ. ಯಾವುದು ಚೆನ್ನಾಗಿದೆ ಹೇಳಿ. ಹಾಸ್ಟೆಲ್ ಇರುತ್ತಾ?"

ಎಲ್ಲರಿಗೂ ನಾನು ಒಂದೇ ಉತ್ತರ ಕೊಡುತ್ತೇನೆ. ಕಾಲೇಜು ಆಮೇಲೆ ಆರಿಸೋಣ, ಮೊದಲು ಬಾಡಿಗೆ ನೋಡಿ.

ಫೀಸಿನ ವಿಷಯ ಬೇಗ ಮುಗಿಸುತ್ತೇನೆ. ವೆಬ್‌ಸೈಟಿನಲ್ಲಿ ಯೂನಿಟ್ಟಿಗೆ (ಕೋರ್ಸು ಅಳೆಯುವ ಲೆಕ್ಕ, ಕ್ರೆಡಿಟ್ ಅಂತಾರಲ್ಲ ಅದೇ) 46 ಡಾಲರ್ ಅಂತ ನೋಡಿ ಎಲ್ಲರೂ ಖುಷಿಪಡುತ್ತಾರೆ. ಅದು ಕ್ಯಾಲಿಫೋರ್ನಿಯಾದವರಿಗೆ. ಎಫ್-1 ಅಂದರೆ ವಿದ್ಯಾರ್ಥಿ ವೀಸಾದಲ್ಲಿ ಬರುವವರು ಅದರ ಮೇಲೆ ಹೊರಗಿನವರ ಫೀಸನ್ನೂ ಕಟ್ಟಬೇಕು. ಅದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಎರಡೂ ಸೇರಿ ಯೂನಿಟ್ಟಿಗೆ 400 ಡಾಲರ್ ಅಂತ ಹಿಡಿಯಿರಿ. ಯೂನಿವರ್ಸಿಟಿಗೆ ವರ್ಗಾವಣೆಯಾಗಲು 60 ಯೂನಿಟ್ ಬೇಕು, ಅಂದರೆ ವರ್ಷಕ್ಕೆ 30. ಅಲ್ಲಿಗೆ ವರ್ಷದ ಫೀಸು 12,000 ಡಾಲರ್ ಆಯಿತು. ಪುಸ್ತಕ, ಹೆಲ್ತ್ ಇನ್ಶೂರೆನ್ಸ್ ಬೇರೆ.

ಈಗ ರೂಮು. ತಿಂಗಳಿಗೆ 1,000 ಡಾಲರ್ ಅಂದರೂ ವರ್ಷಕ್ಕೆ ಮತ್ತೆ 12,000. ಊಟ, ಓಡಾಟ ಸೇರಿಸಿದರೆ ಇರುವ ಖರ್ಚೇ ಓದುವ ಖರ್ಚಿಗಿಂತ ಜಾಸ್ತಿ. ಎರಡು ಕಾಲೇಜಿನ ಮಧ್ಯೆ ಯೂನಿಟ್ಟಿಗೆ 50 ಡಾಲರ್ ವ್ಯತ್ಯಾಸ ಇದ್ದರೆ ವರ್ಷಕ್ಕೆ 1,500 ಉಳಿಯುತ್ತದೆ. ಬಾಡಿಗೆಯಲ್ಲಿ ತಿಂಗಳಿಗೆ 300 ಉಳಿದರೆ ವರ್ಷಕ್ಕೆ 3,600. ಜನ ಮಾತ್ರ ಮೊದಲನೆಯದನ್ನೇ ಹಿಡಿದು ಕೂರುತ್ತಾರೆ.

ಹಾಗಾಗಿ ನನ್ನ ಪಟ್ಟಿಯಲ್ಲಿ ಕೂಪರ್ಟಿನೋದ ಡಿ ಆನ್ಜಾ ಮೇಲಿರುವುದಿಲ್ಲ. ಒಳ್ಳೇ ಕಾಲೇಜು, ನಮ್ಮವರೆಲ್ಲ ಮೊದಲು ಕೇಳುವುದೂ ಅದನ್ನೇ. ಆದರೆ ಕ್ಯಾಂಪಸ್ ಒಳಗೆ ಹಾಸ್ಟೆಲ್ ಇಲ್ಲ, ಸುತ್ತಮುತ್ತ ಬಾಡಿಗೆ ವಿಪರೀತ. ಅಲ್ಲೇ ಓದಬೇಕು ಅಂತ ಹಟ ಇದ್ದರೆ ಸ್ಯಾನ್ ಹೋಸೆ ಕಡೆ ರೂಮು ಹುಡುಕಿ. ಡೌನ್‌ಟೌನಿನಿಂದ ಸ್ಟೀವನ್ಸ್ ಕ್ರೀಕ್ ರಸ್ತೆಯಲ್ಲಿ ಹೋಗುವ 23ನೇ ನಂಬರ್ ಬಸ್ಸು ಕಾಲೇಜಿನ ಹತ್ತಿರವೇ ಇಳಿಸುತ್ತದೆ. ಬಸ್ಸಿಲ್ಲದ ಕಡೆ ಮನೆ ಮಾಡಿದರೆ ಕಾರು ಬೇಕು. ಹದಿನೆಂಟರ ಹುಡುಗನಿಗೆ ಕಾರಿನ ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಒಮ್ಮೆ ವಿಚಾರಿಸಿ ನೋಡಿ, ಆಸೆ ತಾನಾಗೇ ಇಳಿಯುತ್ತದೆ.

ನಾನು ಮೊದಲು ಹೇಳುವುದು ಫ್ರೆಸ್ನೋ ಸಿಟಿ ಕಾಲೇಜು, ಮೊಡೆಸ್ಟೋ, ಮರ್ಸೆಡ್‌ನಂಥ ಒಳನಾಡಿನ ಕಾಲೇಜುಗಳನ್ನು. ಫ್ರೆಸ್ನೋದ್ದು 1910ರಲ್ಲಿ ಶುರುವಾದದ್ದು, ರಾಜ್ಯದ ಮೊದಲನೇ ಕಮ್ಯುನಿಟಿ ಕಾಲೇಜು ಅದೇ. ಬೇಸಿಗೆಯಲ್ಲಿ ರಾಯಚೂರು ನೆನಪಾಗುತ್ತದೆ, ಬಾಡಿಗೆ ಮಾತ್ರ ಕೈಗೆಟುಕುತ್ತದೆ. ಯಾವ ಕಾಲೇಜಿನ ಯಾವ ಕೋರ್ಸನ್ನು ಯಾವ ಯೂನಿವರ್ಸಿಟಿ ಒಪ್ಪುತ್ತದೆ ಅಂತ 'ಅಸಿಸ್ಟ್' ಎಂಬ ಸರ್ಕಾರಿ ವೆಬ್‌ಸೈಟ್ ತೋರಿಸುತ್ತದೆ. ಅಲ್ಲಿ ಫ್ರೆಸ್ನೋ, ಕೂಪರ್ಟಿನೋ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಹಾಸ್ಟೆಲ್ ಬೇಕೇಬೇಕು ಅನ್ನುವವರಿಗೂ ದಾರಿ ಇದೆ. ಕ್ಯಾಲಿಫೋರ್ನಿಯಾದ 116 ಕಮ್ಯುನಿಟಿ ಕಾಲೇಜುಗಳಲ್ಲಿ ಹೆಚ್ಚಿನವಕ್ಕೆ ಹಾಸ್ಟೆಲ್ ಇಲ್ಲ. ಕೋಸ್ಟಾ ಮೇಸಾದ ಆರೆಂಜ್ ಕೋಸ್ಟ್ ಕಾಲೇಜು 2020ರಲ್ಲಿ 'ದಿ ಹಾರ್ಬರ್' ಅಂತ ದೊಡ್ಡ ವಸತಿ ಕಟ್ಟಿತು. ಸಾಂತಾ ರೋಸಾದಲ್ಲಿ 2023ರಲ್ಲಿ ಬಂತು. ಅನುಕೂಲ ಚೆನ್ನಾಗಿದೆ, ಆದರೆ ಅಗ್ಗ ಅಂದುಕೊಂಡು ಹೋಗಬೇಡಿ.

ಆಮೇಲಿನ ಎರಡು ವರ್ಷದ ಮಾತು ಯಾರೂ ಎತ್ತುವುದಿಲ್ಲ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್‌ಗಳು ಷರತ್ತು ಪೂರೈಸಿದ ಕಮ್ಯುನಿಟಿ ಕಾಲೇಜಿನವರಿಗೆ ಸೀಟಿನ ಗ್ಯಾರಂಟಿ ಕೊಡುತ್ತವೆ: ಡೇವಿಸ್, ಅರ್ವೈನ್, ಮರ್ಸೆಡ್, ರಿವರ್‌ಸೈಡ್, ಸಾಂತಾ ಬಾರ್ಬರಾ, ಸಾಂತಾ ಕ್ರೂಜ್. ಬರ್ಕ್ಲಿ, ಲಾಸ್ ಏಂಜಲಿಸ್ ಈ ಪಟ್ಟಿಯಲ್ಲಿಲ್ಲ. ನಮ್ಮವರಿಗೆ ಬೇಕಾದ ಕಂಪ್ಯೂಟರ್ ಸೈನ್ಸ್‌ಗೆ ಈ ಆರರಲ್ಲೇ ಕೆಲವು ಕಡೆ ಗ್ಯಾರಂಟಿ ಸಿಗುವುದಿಲ್ಲ. ಗ್ಯಾರಂಟಿ ಸೀಟಿಗೆ ಮಾತ್ರ, ಫೀಸಿಗಲ್ಲ. ಮೂರನೇ ವರ್ಷದಿಂದ ಹೊರಗಿನವರ ಫೀಸು ಪೂರ್ತಿ ಬೀಳುತ್ತದೆ. ಎಲ್ಲ ಖರ್ಚು ಸೇರಿ ವರ್ಷಕ್ಕೆ 70,000 ಡಾಲರ್ ದಾಟುತ್ತದೆ. ಸ್ಯಾನ್ ಹೋಸೆ ಸ್ಟೇಟ್, ಫ್ರೆಸ್ನೋ ಸ್ಟೇಟ್‌ನಂಥ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಫೀಸು ಅದರ ಅರ್ಧಕ್ಕಿಂತ ಕಮ್ಮಿ, ನಾನಾದರೆ ಅಲ್ಲಿಗೇ ಗುರಿ ಇಡುತ್ತಿದ್ದೆ. "ಪಾರ್ಟ್ ಟೈಮ್ ಕೆಲಸ ಮಾಡ್ಕೋತಾನೆ ಬಿಡಿ" ಅನ್ನುತ್ತಾರೆ. ಕಾಲೇಜು ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ, ಅಷ್ಟೇ. ಹೊರಗೆ ಹೋಟೆಲಲ್ಲೋ ಪೆಟ್ರೋಲ್ ಬಂಕಲ್ಲೋ ಸಿಕ್ಕಿಬಿದ್ದರೆ ವೀಸಾಕ್ಕೇ ಕುತ್ತು. ನಾಲ್ಕೂ ವರ್ಷದ ಲೆಕ್ಕ ಹೊಂದುವುದಿಲ್ಲ ಅಂದರೆ ಊರಲ್ಲೇ ಬಿ.ಇ. ಮುಗಿಸಿ ಎಂ.ಎಸ್.ಗೆ ಬರಲಿ ಅಂತ ನೇರವಾಗಿ ಹೇಳುತ್ತೇನೆ. ಅದಕ್ಕೆ ಮುನಿಸಿಕೊಂಡವರೂ ಇದ್ದಾರೆ.

ಇಲ್ಲೇ ಅಪ್ಪ ಅಮ್ಮನ ಜೊತೆ ಇರುವ ಎಚ್-4 (ಎಚ್-1ಬಿ ವೀಸಾದಲ್ಲಿ ಕೆಲಸ ಮಾಡುವವರ ಕುಟುಂಬದ ವೀಸಾ) ಮಕ್ಕಳ ಕಥೆಯೇ ಬೇರೆ. ರಾಜ್ಯದ ನಿವಾಸಿ ಅಂತ ಸಾಬೀತಾದರೆ ಅವರಿಗೆ ಆ 46 ಡಾಲರೇ ಅನ್ವಯ, ಬಾಡಿಗೆ ಸೊನ್ನೆ. ಅಂಥವರು ಯೋಚನೆ ಮಾಡುವುದೇ ಬೇಡ, ಸೇರಿಬಿಡಿ. 21 ತುಂಬಿದರೆ ಎಚ್-4 ಹೋಗುತ್ತದೆ, ಅದೊಂದು ನೆನಪಿರಲಿ.

ಇನ್ನು ರೂಮು ಹುಡುಕುವುದು. ಇಲ್ಲಿನ ದೇಸಿ ವಾಟ್ಸಾಪ್ ಗುಂಪುಗಳಲ್ಲಿ ದಿನಾ ಜಾಹೀರಾತು ಬರುತ್ತವೆ: "ಪ್ರೈವೇಟ್ ರೂಮ್, ಶೇರ್ಡ್ ಬಾತ್, ಲೈಟ್ ಕುಕಿಂಗ್". ಕೊನೆಯದು ಇದ್ದ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗಿಲ್ಲ, ಮೈಕ್ರೋವೇವೇ ಗತಿ. ದಿನಾ ಹೊರಗೆ ತಿಂದರೆ ಬಾಡಿಗೆಯಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ ಹೋಗುತ್ತದೆ. ಕರೆಂಟು, ನೀರು, ವೈಫೈ ಬಾಡಿಗೆಯಲ್ಲೇ ಸೇರಿದೆಯಾ ಅಂತ ಕೇಳಿ. ಲೀಸ್ (ಇಲ್ಲಿ ಬಾಡಿಗೆ ಕರಾರಿಗೆ ಹಾಗನ್ನುತ್ತಾರೆ) ಒಂಬತ್ತು ತಿಂಗಳದ್ದೋ ಹನ್ನೆರಡರದ್ದೋ ನೋಡಿ. ಹುಡುಗ ಬೇಸಿಗೆ ರಜೆಗೆ ಊರಿಗೆ ಬಂದರೂ ಬಾಡಿಗೆ ಓಡುತ್ತಲೇ ಇರುತ್ತದೆ, ಸಬ್‌ಲೀಸ್‌ಗೆ, ಅಂದರೆ ಆಗ ಬೇರೆಯವರಿಗೆ ಬಾಡಿಗೆ ಕೊಡಲು, ಬಿಡುತ್ತಾರಾ ಅಂತ ಮೊದಲೇ ಮಾತಾಡಿಕೊಳ್ಳಿ.

ಹೊಸದಾಗಿ ಬಂದವನಿಗೆ ಕ್ರೆಡಿಟ್ ಸ್ಕೋರ್ ಇರುವುದಿಲ್ಲ. ಅಪಾರ್ಟ್‌ಮೆಂಟಿನ ಆಫೀಸಿನವರು ಜಾಮೀನು ಕೇಳಬಹುದು. ಅದಕ್ಕೇ ಮೊದಲ ವರ್ಷ ಯಾರದ್ದಾದರೂ ಮನೆಯಲ್ಲಿ ಒಂದು ರೂಮು, ಇಲ್ಲವೇ ಕಾಲೇಜೇ ಗೊತ್ತುಮಾಡಿಕೊಡುವ ಹೋಮ್‌ಸ್ಟೇ ಸುಲಭ. ಫೋಟೋ ನೋಡಿ ಊರಿಂದಲೇ ದುಡ್ಡು ಕಳಿಸಬೇಡಿ. ಅಲ್ಲಿನ ಕನ್ನಡ ಕೂಟದಲ್ಲಿ ಯಾರನ್ನಾದರೂ ಕೇಳಿಕೊಂಡರೆ ಹೋಗಿ ಮನೆ ನೋಡಿ ವಿಡಿಯೋ ಕಳಿಸುತ್ತಾರೆ, ಸಂಕೋಚ ಬೇಡ.

ಅಡ್ವಾನ್ಸ್ ವಿಷಯದಲ್ಲಿ ಮಾತ್ರ ಬೆಂಗಳೂರಿಗಿಂತ ಇಲ್ಲೇ ವಾಸಿ. ಹತ್ತು ತಿಂಗಳ ಬಾಡಿಗೆ ಎಣಿಸುವ ಪಾಡಿಲ್ಲ. 2024ರ ಜುಲೈನಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ, ಒಂದೆರಡು ಮನೆಯಷ್ಟೇ ಇರುವ ಸಣ್ಣ ಮಾಲೀಕರಾದರೆ ಎರಡು ತಿಂಗಳು. ಖಾಲಿ ಮಾಡಿದ 21 ದಿನದೊಳಗೆ, ಏನೇನು ಹಿಡಿದುಕೊಂಡೆವು ಅಂತ ಪಟ್ಟಿ ಸಮೇತ ಉಳಿದದ್ದನ್ನು ವಾಪಸ್ ಕೊಡಬೇಕು. ಹಾಗಾಗಿ ಒಳಗೆ ಹೋದ ದಿನವೇ ಗೋಡೆ, ಕಾರ್ಪೆಟ್ಟು, ಒಲೆ, ಬಚ್ಚಲಿನ ಫೋಟೋ ತೆಗೆದು ಮಾಲೀಕರಿಗೆ ಇಮೇಲ್ ಮಾಡಲು ಹೇಳಿ.