ಚಂದ್ರಂಪಳ್ಳಿಯ ಏರುದಾರಿ

ಕಲಬುರಗಿಯಿಂದ ಚಿಂಚೋಳಿಗೆ ಹೊರಟಾಗ ಅಕ್ಕ ನನಗೆ ಒಪ್ಪಿಸಿದ ಕೆಲಸ ಒಂದೇ: ಅವಳ ಮಗನಿಗೆ ವಿಮಾನದ ಹುಚ್ಚು ಬಿಡಿಸಬೇಕು. ಬುತ್ತಿಯಲ್ಲಿ ಹದಿನಾಲ್ಕು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಲೆ. ಇಬ್ಬರಿಗೆ ಅಷ್ಟು ಕಟ್ಟಿದ್ದು ಮಾತು ಉದ್ದವಾಗಲಿ ಎಂದೇ ಇರಬೇಕು.

2023ರ ಮಾರ್ಚ್ 18ರಂದು ಗೊಂದಿಯಾ ಬಳಿಯ ಬಿರ್ಸಿಯಿಂದ ಹಾರಿದ ತರಬೇತಿ ವಿಮಾನವೊಂದು ಮಧ್ಯಪ್ರದೇಶದ ಬಾಲಾಘಾಟ್ ಜಿಲ್ಲೆಯ ಗುಡ್ಡಗಾಡಿನಲ್ಲಿ ಬಿತ್ತು. ಕಲಿಸುವವರೂ ಕಲಿಯುವವರೂ ಉಳಿಯಲಿಲ್ಲ. ಆ ಸುದ್ದಿ ಅಕ್ಕನ ಎದೆಯಲ್ಲಿ ಕುಳಿತುಬಿಟ್ಟಿದೆ. ಮಗ ಹಾರುವುದು ಬಯಲಿನ ಮೇಲೆ ಎಂದು ಸಮಾಧಾನ ಹೇಳಿದರೆ, "ಬಯಲು ಎಲ್ಲಿಯತನಕ ಇರುತ್ತದೆ?" ಎನ್ನುತ್ತಾಳೆ.

ಮಾರ್ಚ್ ಕೊನೆಯ ಬಿಸಿಲು. ತೊಗರಿ ಕಟ್ಟಿಗೆ ಒಟ್ಟಿದ ಕಪ್ಪು ಹೊಲಗಳು ಹಿಂದೆ ಸರಿದು ಕೆಂಪು ಮಣ್ಣು ಶುರುವಾಯಿತು. ಎಲೆ ಉದುರಿಸಿದ ಸಾಗುವಾನಿ ಮರಗಳ ನಡುವೆ ಮುತ್ತುಗ ಮಾತ್ರ ಹೂಬಿಟ್ಟು ಉರಿಯುತ್ತಿತ್ತು. 2011ರಲ್ಲಿ ವನ್ಯಜೀವಿ ಧಾಮವಾದ ಕಾಡು ಇದು. ಕಲಬುರಗಿಯಲ್ಲಿ ಕಾಡೆಲ್ಲಿ ಎಂದು ಕೇಳುವವರನ್ನು ಒಮ್ಮೆ ಇಲ್ಲಿಗೆ ಕರೆತರಬೇಕು.

ದಾರಿ ಸಮತಟ್ಟಾಗಿಯೇ ಕಾಣುತ್ತಿತ್ತು. ಆದರೂ ಬೈಕ್ ಏದುಸಿರು ಬಿಡತೊಡಗಿತು. ಗೇರ್ ಇಳಿಸುತ್ತಾ ಅಳಿಯ ಕೇಳಿದ: "ಮಾಮಾ, ಏರು ಕಾಣಿಸಿತಾ?"

ನನಗೆ ಕಾಣಿಸಿರಲಿಲ್ಲ. ಹಿಂದೆ ತಿರುಗಿ ನೋಡಿದರೆ ನಾವು ಬಂದ ದಾರಿ ಕೆಳಗೆ ಬಿದ್ದುಕೊಂಡಿತ್ತು.

"ಕಣಿವೆಯಲ್ಲಿ ಕೆಳಮಟ್ಟದಲ್ಲಿ ಹಾರುವವನಿಗೂ ಹೀಗೇ ಆಗುತ್ತದೆ. ಸುತ್ತಲೂ ಗುಡ್ಡವಿದ್ದರೆ ದಿಗಂತ ಕಾಣುವುದಿಲ್ಲ. ನೆಲ ಮೇಲೇರುತ್ತಾ ಬರುತ್ತದೆ, ಇವನು ನೇರ ಹೋಗುತ್ತಿದ್ದೇನೆ ಎಂದುಕೊಂಡಿರುತ್ತಾನೆ. ತಿಳಿಯುವ ಹೊತ್ತಿಗೆ ಗುಡ್ಡ ದಾಟುವಷ್ಟು ಎಂಜಿನ್ ಎಳೆಯುವುದಿಲ್ಲ, ತಿರುಗೋಣವೆಂದರೆ ಜಾಗವಿರುವುದಿಲ್ಲ."

ಚಂದ್ರಂಪಳ್ಳಿ ಅಣೆಕಟ್ಟೆಯ ಮೇಲೆ ಬುತ್ತಿ ಬಿಚ್ಚಿದೆವು. ನೀರು ತಳ ಹಿಡಿದಿತ್ತು. ಸುತ್ತಲಿನ ಗುಡ್ಡಗಳನ್ನು ಹಿಮಾಲಯ ನೋಡಿದವರು ದಿನ್ನೆ ಎಂದಾರು. ಅಳಿಯ ರೊಟ್ಟಿಯನ್ನೇ ವಿಮಾನ ಮಾಡಿ ವಾಲಿಸಿ ತೋರಿಸಿದ. ಎತ್ತರ ಬಿಡದೆ 60 ಡಿಗ್ರಿ ವಾಲಿ ತಿರುಗಿದರೆ ರೆಕ್ಕೆಯ ಮೇಲಿನ ಭಾರ ಎರಡು ಪಟ್ಟಾಗುತ್ತದೆ. ಗಾಳಿಯಲ್ಲಿ ನಿಲ್ಲಲು ಬೇಕಾದ ಕನಿಷ್ಠ ವೇಗವೂ ಶೇಕಡಾ 40ರಷ್ಟು ಏರುತ್ತದೆ. ಗಾಬರಿಯಲ್ಲಿ ಮೂತಿ ಎತ್ತಿ ತಿರುಗಿಸಿದವನಿಗೆ ಆ ವೇಗ ಸಿಗುವುದಿಲ್ಲ, ರೆಕ್ಕೆ ಹಿಡಿತ ಬಿಡುತ್ತದೆ. ರೊಟ್ಟಿ ಹಿಂಡಿಯೊಳಕ್ಕೆ ಬಿತ್ತು. ನನಗೆ ನಗು ಬರಲಿಲ್ಲ.

ನಮ್ಮ ಬಿಸಿಲಿನ ಲೆಕ್ಕವನ್ನೂ ಹೇಳಿದ. 1,500 ಅಡಿ ಎತ್ತರದ ನೆಲದಲ್ಲಿ 40 ಡಿಗ್ರಿ ಸೆಕೆಯಿದ್ದರೆ ಗಾಳಿ ಎಷ್ಟು ತೆಳುವಾಗುತ್ತದೆಂದರೆ, ವಿಮಾನದ ಪಾಲಿಗೆ ಅದು ಸುಮಾರು 5,000 ಅಡಿಯ ಗಾಳಿ. ಎಂಜಿನ್ ಸೋಲುತ್ತದೆ, ಏರುವುದು ನಿಧಾನವಾಗುತ್ತದೆ. ಬೇಸಿಗೆಯಲ್ಲಿ ನಾವು ಮನುಷ್ಯರೇ ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡುವವರು.

"ಕಲಿತವರಿಗೆ ಹೀಗಾಗುವುದಿಲ್ಲ ತಾನೇ?" ಎಂದೆ.

"ಸ್ಟೀವ್ ಫಾಸೆಟ್ ಗೊತ್ತಾ? ಬಲೂನಿನಲ್ಲಿ ಒಬ್ಬನೇ ಭೂಮಿ ಸುತ್ತಿದವನು. 2007ರ ಸೆಪ್ಟೆಂಬರ್‌ನಲ್ಲಿ ನೆವಾಡಾದಿಂದ ಪುಟ್ಟ ವಿಮಾನದಲ್ಲಿ ಹೊರಟು ಕಾಣೆಯಾದ. ಅವಶೇಷ ಸಿಕ್ಕಿದ್ದು ಮರುವರ್ಷ, ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ. ಬೆಟ್ಟದಿಂದ ಕೆಳಗೆ ಒತ್ತುವ ಗಾಳಿ ಅವನ ವಿಮಾನ ಏರಬಲ್ಲದ್ದಕ್ಕಿಂತ ಜೋರಾಗಿತ್ತು ಎಂದು ತನಿಖೆಯವರು ಹೇಳಿದರು."

ಬೈಯಬೇಕೆಂದು ಬಂದವನು ನಾನು. ಆದರೆ ಹೆದರದವನಿಗೆ ಹೆದರಿಸಿ ಹೇಳುವುದು ಸುಲಭ; ಇವನು ಹೆದರಿಕೆಯನ್ನು ಅಳೆದು ಲೆಕ್ಕ ಹಾಕಿಟ್ಟುಕೊಂಡಿದ್ದ. ಹಾಗಾದರೆ ನೀನೇನು ಮಾಡುತ್ತೀ ಎಂದಷ್ಟೇ ಕೇಳಿದೆ. ಕಣಿವೆಯ ನಡುವೆ ಹೋಗದೆ ಒಂದು ಮಗ್ಗುಲು ಹಿಡಿದು ಹೋಗಬೇಕಂತೆ, ತಿರುಗಲು ಪೂರ್ತಿ ಅಗಲ ಸಿಗಲೆಂದು. ಗುಡ್ಡದ ಸಾಲಿಗೆ ನೇರ ಎದುರಾಗದೆ ಓರೆಯಾಗಿ ಹೋಗಬೇಕಂತೆ, ಬೇಡವೆನಿಸಿದರೆ ಬೇಗ ಹೊರಳಬಹುದು.

ರಾತ್ರಿ ಅಕ್ಕನ ಫೋನ್ ಬಂತು. "ಹೇಳಿದೆಯೇನೋ?"

"ನಾನು ಹೇಳಲಿಲ್ಲ ಅಕ್ಕಾ, ಅವನೇ ಹೇಳಿದ. ಗುಡ್ಡದ ಮಗ್ಗುಲು ಹಿಡಿದು ಹೋಗಬೇಕಂತೆ."

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ರೊಟ್ಟಿ ಸಾಕಾದವೇ ಎಂದು ಕೇಳಿದಳು.